ತಂಡ ಪೂರ್ತಿ ಬಿಜಿ ಇದ್ದರೆ ಕೆಲಸ ಬೇಗ ಮುಗಿಯಲ್ಲ

ಎಲ್ಲರಿಗೂ ನಮಸ್ಕಾರ. ಐಟಿ ಕಂಪನಿಗಳಲ್ಲಿ ಮ್ಯಾನೇಜರ್ ಆಗಿರುವವರಿಗೆ ಇವತ್ತು ಒಂದು ಮಾತು ಹೇಳಬೇಕು. ತಂಡದ ಯುಟಿಲೈಸೇಷನ್, ಅಂದರೆ ಜನ ಕೆಲಸದಲ್ಲಿ ತೊಡಗಿರುವ ಸಮಯ, 95 ಪರ್ಸೆಂಟ್ ಇದೆ ಅಂತ ಖುಷಿಪಡಬೇಡಿ. ನಿಮ್ಮ ರಿಲೀಸ್ ಪ್ರತಿ ಸಲ ಮುಂದಕ್ಕೆ ಹೋಗುತ್ತಿರುವುದಕ್ಕೆ ಬಹುಶಃ ಅದೇ ಕಾರಣ.

ಇದಕ್ಕೆ ಲೆಕ್ಕ ಇದೆ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬ ಗಣಿತಜ್ಞ 1909ರಲ್ಲೇ ಫೋನ್ ಕರೆಗಳ ದಟ್ಟಣೆಯನ್ನು ಗಣಿತಕ್ಕೆ ಇಳಿಸಿದ, ಕ್ಯೂಯಿಂಗ್ ಥಿಯರಿ, ಅಂದರೆ ಸರದಿಯಲ್ಲಿ ಕಾಯುವುದರ ಗಣಿತ, ಬೆಳೆದಿದ್ದು ಅಲ್ಲಿಂದ. ಅದರ ತೀರಾ ಸರಳ ಮಾದರಿ ತಗೊಳ್ಳಿ. ಕೆಲಸ ಮಾಡುವವರು ಒಬ್ಬರು, ಟಿಕೆಟ್ (ಅಂದರೆ ಮಾಡಬೇಕಾದ ಒಂದು ಕೆಲಸ) ಯಾವಾಗ ಬರುತ್ತದೋ ಗೊತ್ತಿಲ್ಲ, ಎಷ್ಟು ಹೊತ್ತು ಹಿಡಿಯುತ್ತದೋ ಅದೂ ಗೊತ್ತಿಲ್ಲ, ಸರಾಸರಿ ಒಂದು ದಿನ ಅಂತಿಟ್ಟುಕೊಳ್ಳಿ. ಅವರು 80 ಪರ್ಸೆಂಟ್ ಬಿಜಿ ಇದ್ದರೆ ಟಿಕೆಟ್ ಕೈಗೆತ್ತಿಕೊಳ್ಳುವ ಮೊದಲು ಸರಾಸರಿ 4 ದಿನ ಕಾಯುತ್ತದೆ. 90 ಆದರೆ 9 ದಿನ. 95 ಆದರೆ 19 ದಿನ! ತಂಡದಲ್ಲಿ ನಾಲ್ಕೈದು ಜನ ಇದ್ದರೆ ಈ ಅಂಕಿ ಇಳಿಯುತ್ತದೆ, ನಿಜ. ಆದರೆ ನೂರರ ಹತ್ತಿರ ಹೋದಂತೆ ಕಾಯುವಿಕೆ ಹೀಗೇ ಜಿಗಿಯುತ್ತದೆ.

ನಮ್ಮಲ್ಲಿ ಈ ಹಠ ಎಲ್ಲಿಂದ ಬಂತು ಅಂತ ನನಗೆ ಅರ್ಥವಾಗುತ್ತದೆ. ಸರ್ವಿಸ್ ಕಂಪನಿಗಳಿಗೆ ದುಡ್ಡು ಬರುವುದು ಬಿಲ್ಲಿಂಗ್‌ನಿಂದ, ಬೆಂಚ್ ಮೇಲಿರುವವರು, ಅಂದರೆ ಪ್ರಾಜೆಕ್ಟ್ ಇಲ್ಲದೆ ಕೂತವರು, ಖರ್ಚು. ಇನ್ಫೋಸಿಸ್ ಮೂರು ತಿಂಗಳಿಗೊಮ್ಮೆ ಫಲಿತಾಂಶದ ಜೊತೆ ಯುಟಿಲೈಸೇಷನ್ ಅಂಕಿಯನ್ನೂ ಕೊಡುತ್ತದೆ. ಹೂಡಿಕೆದಾರರಿಗೆ ಅದು ಬೇಕಾದ ಮಾಹಿತಿಯೇ. ಅದೇ ಅಳತೆಯನ್ನು ತಂದು ಪ್ರಾಡಕ್ಟ್ ಕಟ್ಟುವ ಏಳೆಂಟು ಜನರ ತಂಡದ ಮೇಲೆ ಹೇರಿ, ಯಾರೂ ಒಂದು ಗಂಟೆ ಸುಮ್ನೆ ಕೂರಬಾರದು ಅಂತ ಪ್ಲಾನ್ ತುಂಬಿಸಿದರೆ, ಪ್ರಾಡಕ್ಷನ್‌ನಲ್ಲಿ (ಗ್ರಾಹಕರು ಬಳಸುತ್ತಿರುವ ಸಿಸ್ಟಂನಲ್ಲಿ) ಏನೋ ಕೆಟ್ಟುಹೋದ ದಿನ ಅದನ್ನು ಸರಿಮಾಡಲು ಯಾರು ಇರುತ್ತಾರೆ ಹೇಳಿ?

ಇನ್ನೊಂದು ಸೂತ್ರ ಇನ್ನೂ ಸುಲಭ. 1961ರಲ್ಲಿ ಜಾನ್ ಲಿಟಲ್ ಎಂಬ ಅಮೆರಿಕನ್ ಸಂಶೋಧಕ ಸಾಧಿಸಿ ತೋರಿಸಿದ್ದು. ನಿಮ್ಮ ಟಾಸ್ಕ್ ಬೋರ್ಡ್‌ನಲ್ಲಿ 40 ಕೆಲಸ ಅರ್ಧಕ್ಕೆ ನಿಂತಿವೆ, ವಾರಕ್ಕೆ 5 ಮುಗಿಯುತ್ತವೆ ಅಂದರೆ, ಒಂದೊಂದಕ್ಕೆ ಸರಾಸರಿ 8 ವಾರ. ಬೇಗ ಬೇಕಾದರೆ ಕೈಯಲ್ಲಿರುವ ಕೆಲಸ ಕಡಿಮೆ ಮಾಡಿ. ಜನರನ್ನು ಗದರಿಸಿದರೆ ಆ 5 ಏನೂ 10 ಆಗಲ್ಲ.

ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲಿ. ಇಂಥ ಒಳ್ಳೆಯ ಗಣಿತ ಇರುವಾಗ, ಅಪ್ರೈಸಲ್‌ನಲ್ಲಿ ಯಾರು ಎಷ್ಟು ಸ್ಟೋರಿ ಪಾಯಿಂಟ್ (ಕೆಲಸ ಎಷ್ಟು ದೊಡ್ಡದು ಅಂತ ತಂಡವೇ ಹಾಕುವ ಅಂದಾಜು) ಮುಗಿಸಿದರು ಅಂತ ಎಣಿಸುತ್ತಾರೆ. ಆಗ ಏನಾಗುತ್ತದೆ? 3 ಪಾಯಿಂಟ್ ಕೆಲಸಕ್ಕೆ 5 ಅಂತ ಹೇಳುತ್ತಾರೆ, ಪಕ್ಕದವರಿಗೆ ಸಹಾಯ ಮಾಡುವುದು ನಿಲ್ಲುತ್ತದೆ, ಗ್ರಾಫ್ ಮಾತ್ರ ಚೆನ್ನಾಗಿ ಮೇಲೇರುತ್ತದೆ. ಆ ಅಂಕಿ ಇಟ್ಟುಕೊಂಡು ಮುಂದಿನ ರಿಲೀಸ್ ತಾರೀಖು ಹೇಳಲು ಹೋದರೆ ತಪ್ಪುವುದು ಗ್ಯಾರಂಟಿ, ಅಲ್ವಾ?

ಹೊಸ ಟೂಲ್ ಏನೂ ಕೊಳ್ಳಬೇಡಿ. ಪ್ರತಿ ಟಿಕೆಟ್ ಶುರುವಾದ ದಿನ, ಒಂದೊಂದು ಹಂತಕ್ಕೆ ಹೋದ ದಿನ, ಮುಗಿದ ದಿನ ಎಲ್ಲ ನೀವು ಟಿಕೆಟ್ ದಾಖಲಿಸುವ ಜಿರಾದಲ್ಲೇ ಇದೆ. ಕಳೆದ ಆರು ತಿಂಗಳದ್ದನ್ನು ಒಂದು ಎಕ್ಸೆಲ್ ಶೀಟ್‌ಗೆ ಇಳಿಸಿ, ಎಲ್ಲಿ ಜಾಸ್ತಿ ಕಾದಿದೆ ನೋಡಿ: ರಿವ್ಯೂಗೋ, ಟೆಸ್ಟಿಂಗ್‌ಗೋ, ಯಾರದೋ ಅಪ್ರೂವಲ್‌ಗೋ. ಶೀಟ್ ತೆರೆದ ತಕ್ಷಣ, ಯಾರು ಮಾಡಿದರು ಅನ್ನುವ ಕಾಲಂ ಡಿಲೀಟ್ ಮಾಡಿ.