ಕ್ಲೋನ್ ಆಗ್ಯದ, ಬೂಟ್ ಆಗವಲ್ದು

ನಮಸ್ಕಾರ್ರಿ, ಕಲಬುರಗಿಯಿಂದ. ಮೇಜಿನ ಮ್ಯಾಲ ಇವತ್ತು ದಾಲ್ ಮಿಲ್ ಆಫೀಸಿನ ಒಂದು ಪಿಸಿ ಅದ. 500 ಜಿಬಿ ಹಳೇ ಹಾರ್ಡ್ ಡಿಸ್ಕಿನಿಂದ ಹೊಸ ಎಸ್‌ಎಸ್‌ಡಿಗೆ ಕ್ಲೋನ್, ಅಂದ್ರ ಇದ್ದದ್ದು ಇದ್ದಂಗೇ ನಕಲು, ಪೂರಾ ಆಗ್ಯದ, ಎರರ್ ಒಂದೂ ಬಂದಿಲ್ಲ. ಆದ್ರ ಚಾಲೂ ಮಾಡಿದ್ರ ವಿಂಡೋಸ್ ಬರವಲ್ದು. ಟ್ಯಾಲಿ ಲೆಕ್ಕ ಹೋಯ್ತೇನೋ ಅಂತ ಗಾಬರಿ ಆಗಬ್ಯಾಡ್ರಿ. ಹಿಂಗಿದ್ದಾಗ ಬಹಳ ಸಲ ಡೇಟಾ ಬರೋಬರ್ ಇರ್ತದ, ವಿಂಡೋಸಿನ ವಿಳಾಸ ಬರದಿಟ್ಟ ಬೂಟ್ ಫೈಲ್ ಅಷ್ಟ ತಪ್ಪಿರ್ತದ. ಮತ್ತ ಕ್ಲೋನ್ ಹಾಕೋದಕ್ಕ ಹೋಗಬ್ಯಾಡ್ರಿ.

ಮೊದಲು ವೈರ್ ಕಿತ್ತು ಹಳೇ ಡಿಸ್ಕ್ ಹೊರಗ ತೆಗೀರಿ. ಹೊಸದು ಒಂದೇ ಇರಲಿ, ಅದೂ ಯುಎಸ್‌ಬಿ ಡಬ್ಬಿಯೊಳಗ ಅಲ್ಲ, ಮದರ್‌ಬೋರ್ಡಿಗೇ ಹಚ್ಚಿರಬೇಕು. ಯಾಕಂದ್ರ ಎಂಬಿಆರ್ (ಡಿಸ್ಕಿನ ಪಾಲು ಬರದಿಡೋ ಹಳೇ ಪದ್ಧತಿ) ಡಿಸ್ಕಿಗೆ ನಾಲ್ಕು ಬೈಟಿನ ಒಂದು ಗುರುತು ಇರ್ತದ, ಕ್ಲೋನ್ ಮಾಡಿದಾಗ ಅದೂ ಹಂಗೇ ನಕಲಾಗಬಹುದು. ಎರಡೂ ಡಿಸ್ಕ್ ಹಚ್ಚಿಟ್ಟು ಚಾಲೂ ಮಾಡಿದ್ರ ವಿಂಡೋಸ್ ಒಂದನ್ನ ಆಫ್‌ಲೈನ್ ಇಡ್ತದ, ಇಲ್ಲಂದ್ರ ಅದರ ಗುರುತೇ ಬದಲು ಮಾಡ್ತದ. ಆಮ್ಯಾಲ ಬೂಟ್ ಫೈಲ್ ಹಳೇ ಗುರುತು ಹುಡುಕ್ತದ, ಸಿಗಂಗಿಲ್ಲ. ಆಗ 0ಎಕ್ಸ್‌ಸಿ000000ಇ ಅಂತ ನೀಲಿ ಪರದೆ.

ಪರದೆ ಮ್ಯಾಲ ಬೂಟ್ ಡಿವೈಸೇ ಇಲ್ಲ ಅಂತ ಬಂದ್ರ ಬಯೋಸ್ (ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ನೋಡ್ರಿ. ಜಿಪಿಟಿ (ಪಾಲು ಬರದಿಡೋ ಹೊಸ ಪದ್ಧತಿ) ಡಿಸ್ಕಿಗೆ ಯುಇಎಫ್‌ಐ ಅನ್ನೋ ಹೊಸ ಬೂಟ್ ಮೋಡ್, ಎಂಬಿಆರ್ ಡಿಸ್ಕಿಗೆ ಲೆಗಸಿ ಅನ್ನೋ ಹಳೇ ಮೋಡ್. ನಿಮ್ಮ ಡಿಸ್ಕ್ ಯಾವುದು ಅಂತ ತಿಳಿಯೋಕ ವಿಂಡೋಸ್ ಇನ್‌ಸ್ಟಾಲ್ ಮಾಡೋ 8 ಜಿಬಿ ಪೆನ್‌ಡ್ರೈವ್ ಸಾಕು. ಅದರಿಂದ ಬೂಟ್ ಮಾಡಿ ಶಿಫ್ಟ್ ಜೊತಿ ಎಫ್10 ಒತ್ರಿ, ಕಮಾಂಡ್ ಬರಿಯೋ ಕಿಟಕಿ ಬರ್ತದ, ಅದರಾಗ ಡಿಸ್ಕ್‌ಪಾರ್ಟ್ ಬರೀರಿ, ಲಿಸ್ಟ್ ಡಿಸ್ಕ್ ಹಾಕ್ರಿ. ಕಡೀ ಕಾಲಂನಾಗ ಚುಕ್ಕಿ (*) ಇದ್ರ ಜಿಪಿಟಿ, ಇಲ್ಲಂದ್ರ ಎಂಬಿಆರ್. ಹಾಂ, ಎಚ್61 ಚಿಪ್‌ಸೆಟ್ ಕಾಲದ ಹಳೇ ಬೋರ್ಡಿಗೆ ಕಾರ್ಡ್ ಹಾಕಿ ಎನ್‌ವಿಎಂಇ (ಸಾಟಾಕ್ಕಿಂತ ವೇಗದ ಎಸ್‌ಎಸ್‌ಡಿ) ಕೂಡಿಸಿದ್ರ ವಿಂಡೋಸಿಗೆ ಕಾಣ್ತದ, ಬೂಟ್ ಮಾತ್ರ ಸಾಮಾನ್ಯವಾಗಿ ಆಗಂಗಿಲ್ಲ. ಅಂಥದಕ್ಕ 2.5 ಇಂಚಿನ ಸಾಟಾ ಎಸ್‌ಎಸ್‌ಡೀನೇ ತಗೋರಿ.

ಮೋಡ್ ಸರಿ ಇದ್ದೂ ಬರಲಿಲ್ಲ ಅಂದ್ರ ಬೂಟ್ ಫೈಲ್ ಹೊಸದಾಗಿ ಬರಸೋಣ. ಇದು ಜಿಪಿಟಿ ಡಿಸ್ಕಿನ ದಾರಿ. ಡಿಸ್ಕ್‌ಪಾರ್ಟ್‌ನಾಗ ಲಿಸ್ಟ್ ವಾಲ್ಯೂಮ್. 100 ಎಂಬಿ ಆಸುಪಾಸಿನ ಫ್ಯಾಟ್32 ಕಾಣ್ತದಲ್ಲ, ಅದನ್ನ ಸೆಲೆಕ್ಟ್ ಮಾಡಿ ಅಸೈನ್ ಲೆಟರ್ ಈಕ್ವಲ್ಸ್ ಎಸ್. ಅದು ಕಾಣಲೇ ಇಲ್ಲ ಅಂದ್ರ ಯಾರೋ ಬರೇ ಸಿ ಡ್ರೈವ್ ಕ್ಲೋನ್ ಮಾಡ್ಯಾರ. ಸಿ ಆರಿಸಿ ಶ್ರಿಂಕ್ ಡಿಸೈರ್ಡ್ ಈಕ್ವಲ್ಸ್ 200, ಆಮ್ಯಾಲ ಕ್ರಿಯೇಟ್ ಪಾರ್ಟಿಷನ್ ಇಎಫ್‌ಐ ಸೈಜ್ ಈಕ್ವಲ್ಸ್ 100, ಅದನ್ನ ಫ್ಯಾಟ್32 ಫಾರ್ಮ್ಯಾಟ್ ಮಾಡಿ ಎಸ್ ಅಕ್ಷರ ಕೊಡ್ರಿ. ಎಕ್ಸಿಟ್ ಆಗಿ ನಿಧಾನ ಬರೀರಿ: ಬಿಸಿಡಿಬೂಟ್, ಜಾಗ, ಸಿ ಕೋಲನ್ ಬ್ಯಾಕ್‌ಸ್ಲ್ಯಾಶ್ ವಿಂಡೋಸ್, ಜಾಗ, ಸ್ಲ್ಯಾಶ್ ಎಸ್, ಜಾಗ, ಎಸ್ ಕೋಲನ್, ಜಾಗ, ಸ್ಲ್ಯಾಶ್ ಎಫ್, ಜಾಗ, ಯುಇಎಫ್‌ಐ. ಇಲ್ಲೇ ಬಹಳ ಮಂದಿ ಎಡವ್ತಾರ. ಪೆನ್‌ಡ್ರೈವಿನಿಂದ ಬಂದಾಗ ನಿಮ್ಮ ಸಿ ಇಲ್ಲಿ ಡಿ ಆಗಿರಬಹುದು. ಡಿಐಆರ್ ಹೊಡದು ವಿಂಡೋಸ್ ಫೋಲ್ಡರ್ ಎಲ್ಲಿ ಅದ ನೋಡೇ ಅಕ್ಷರ ಹಾಕ್ರಿ. ಬೂಟ್‌ರೆಕ್ ಫಿಕ್ಸ್‌ಬೂಟ್ ಅನ್ನೋ ಕಮಾಂಡಿಗೆ ಆಕ್ಸೆಸ್ ಡಿನೈಡ್ ಅಂತ ಬಂದು ಅಲ್ಲೇ ನಿಂತವರಿಗೂ ಇದೇ ದಾರಿ.

ಲೋಗೋ ಬಂದು ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಅಂದ್ರ ಕಥಿ ಬ್ಯಾರೆ. ಬೂಟ್ ಫೈಲ್ ಸಿಕ್ಕದ, ಹೊಸ ಡಿಸ್ಕಿನ ಡ್ರೈವರ್ ಏಳವಲ್ದು. ಬಯೋಸ್‌ನಾಗ ಡಿಸ್ಕಿನ ಮೋಡ್ (ಎಎಚ್‌ಸಿಐ ಇಲ್ಲಾ ರೇಡ್) ಮೊದಲು ಹೆಂಗಿತ್ತೋ ಹಂಗೇ ಇಡ್ರಿ. ಸಾಟಾದಿಂದ ಎನ್‌ವಿಎಂಇಗೆ ಹೋಗಿದ್ರ ಒಮ್ಮೆ ಸೇಫ್ ಮೋಡಿನಾಗ ಏಳಿಸಿ ರೀಸ್ಟಾರ್ಟ್ ಕೊಡ್ರಿ, ಎಷ್ಟೋ ಸಲ ಅಷ್ಟರಾಗೇ ಸರಿ ಆಗ್ತದ. ಅಲ್ಲಿ ಪಿನ್ ನಡೀದೇ ಹೋಗಬಹುದು, ಪಾಸ್‌ವರ್ಡ್ ಗೊತ್ತಿರಲಿ. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕೋ ಬೀಗ) ಇದ್ರ ಬಯೋಸ್ ಮುಟ್ಟೋ ಮೊದಲೇ 48 ಅಂಕಿಯ ಕೀ ಬರದಿಟ್ಕೋರಿ.

ಕ್ಲೋನೇ ನಡುವ ನಿಂತಿತ್ತಂದ್ರ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಡಿಸ್ಕ್ ತಪಾಸಣಿ ಪ್ರೋಗ್ರಾಂ ತೆಗದು ಹಳೇ ಡಿಸ್ಕ್ ನೋಡ್ರಿ. ಅದರಾಗ ಸಿ5 ಅನ್ನೋ ಸಾಲಿನ ಎಣಿಕಿ ಏರಿದ್ರ ಓದೋಕ ಆಗದ ಸೆಕ್ಟರ್ ಅದಾವ, ಸಿ7 ಏರ್ತಿದ್ರ ಮೊದಲು ಸಾಟಾ ಕೇಬಲ್ ಬದಲಿಸ್ರಿ. ಏಪ್ರಿಲ್, ಮೇ ತಿಂಗಳಾಗ ಸಂಜಿ ಗಾಳಿ ಎದ್ರ ಕರೆಂಟ್ ಹೋಗೋದು ನಿಮಗೂ ಗೊತ್ತದ. 200 ಜಿಬಿ ಕ್ಲೋನ್ ಯುಎಸ್‌ಬಿ 2 ಪೋರ್ಟಿನಾಗ ಹೆಚ್ಚುಕಮ್ಮಿ ಎರಡು ತಾಸು ತಿಂತದ. ಹಿಂದಿನ ನೀಲಿ (ಯುಎಸ್‌ಬಿ 3) ಪೋರ್ಟಿಗೆ ಹಚ್ಚಿ ಮುಂಜಾನೀನೇ ಕೂಡ್ರಿ.

ಪಿಸಿ ಎದ್ದ ಮ್ಯಾಲ ಟ್ಯಾಲಿ, ಪ್ರಿಂಟರ್ ಎಲ್ಲಾ ಒಂದು ವಾರ ನಡಸಿ ನೋಡ್ರಿ. ಅಲ್ಲೀತನಕ ಹಳೇ ಡಿಸ್ಕ್ ಕಪಾಟಿನಾಗೇ ಇರಲಿ.