ಉಸಿರಿನ ಕಾಯಿಲೆಗೆ ಸ್ಟೆಮ್ ಸೆಲ್: ಹಣ ಕಟ್ಟುವ ಮೊದಲು

ಮುಂಬಯಿಯ ಕನ್ನಡ ಕೇಳುಗರಿಗೆ ನಮಸ್ಕಾರ.

ಮಾಟುಂಗ, ಡೊಂಬಿವಲಿ ಕಡೆಯ ನಮ್ಮ ಹಿರಿಯರಲ್ಲಿ ಸಿಒಪಿಡಿ, ಅಂದರೆ ಉಸಿರಿನ ದಾರಿ ಕಟ್ಟಿಕೊಳ್ಳುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಇರುವವರು ಎಷ್ಟೋ ಮಂದಿ. ಕೆಲವರು ಬೀಡಿ ಸೇದಿದವರು. ಇನ್ನು ಕೆಲವರು ಬೀಡಿ ಮುಟ್ಟಿದವರೇ ಅಲ್ಲ, ಹೋಟೆಲಿನ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಹೊಗೆ ಕುಡಿದವರು. ಅವರ ಮಕ್ಕಳು ಬಂದು ಕೇಳುತ್ತಾರೆ: "ಡಾಕ್ಟ್ರೇ, ಅಪ್ಪನಿಗೆ ಸ್ಟೆಮ್ ಸೆಲ್ ಹಾಕಿಸೋಣ್ವಾ? ಸಾಲ ಮಾಡಿಯಾದರೂ ಸರಿ."

ಸ್ಟೆಮ್ ಸೆಲ್ ಅಂದರೆ ಬೇರೆ ಬಗೆಯ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲ ಜೀವಕೋಶ. ಅದು ಹಾಳಾದ ಶ್ವಾಸಕೋಶವನ್ನು ಸರಿಮಾಡೀತು ಅನ್ನುವ ಆಸೆ ನನಗೆ ಅರ್ಥವಾಗುತ್ತದೆ. ಈ ಕಾಯಿಲೆಯಲ್ಲಿ ಶ್ವಾಸಕೋಶದ ಪುಟ್ಟ ಗಾಳಿಗೂಡುಗಳ ಗೋಡೆ ಹಾಳಾಗುತ್ತದೆ. ಇನ್ಹೇಲರ್ ಉಸಿರಿನ ದಾರಿ ಅಗಲ ಮಾಡುತ್ತದೆ, ಹಾಳಾದ ಗೋಡೆ ಕಟ್ಟಿಕೊಡುವುದಿಲ್ಲ.

ಅಮೆರಿಕದಲ್ಲಿ ಇದನ್ನು ಸರಿಯಾಗಿ ಪರೀಕ್ಷಿಸಿ ನೋಡಿದರು. ವರದಿ ಬಂದದ್ದು 2013ರಲ್ಲಿ. 62 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ತಿಂಗಳಿಗೊಮ್ಮೆ, ಒಟ್ಟು ನಾಲ್ಕು ಸಲ, ಡ್ರಿಪ್ಪಿನಲ್ಲಿ ಸ್ಟೆಮ್ ಸೆಲ್. ಇನ್ನೊಂದಕ್ಕೆ ಬರೀ ಡ್ರಿಪ್. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಇಷ್ಟು ಗುಟ್ಟು ಯಾಕೆ? ದೊಡ್ಡ ಮದ್ದು ಬಿತ್ತು ಅಂತ ಗೊತ್ತಾದರೆ ಸಾಕು, ಕೆಲವು ದಿನ ಉಸಿರು ಹಗುರ ಅನ್ನಿಸುತ್ತದೆ. ಅಲ್ಲದೆ ಇದು ಒಂದು ತಿಂಗಳು ಜಾಸ್ತಿ, ಇನ್ನೊಂದು ತಿಂಗಳು ಕಡಿಮೆ ಆಗುವ ಕಾಯಿಲೆ. ಹಾಗಾಗಿ ಮೊಬೈಲಿನಲ್ಲಿ "ನನಗೆ ಗುಣವಾಯ್ತು" ಅನ್ನುವವರನ್ನು ನೋಡಿ ತೀರ್ಮಾನಕ್ಕೆ ಬರಬೇಡಿ.

ಎರಡು ವರ್ಷ ಗಮನಿಸಿದರು. ಸ್ಟೆಮ್ ಸೆಲ್‌ನಿಂದ ದೊಡ್ಡ ಅಪಾಯ ಕಾಣಲಿಲ್ಲ. ಅದೇನೂ ಸಣ್ಣ ಸಂಗತಿಯಲ್ಲ. ಆದರೆ ಶ್ವಾಸಕೋಶದ ಬಲ ಅಳೆಯುವ ಊದುವ ಪರೀಕ್ಷೆಯಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಸ್ಟೆಮ್ ಸೆಲ್ ಪಡೆದ ಕೆಲವರ ರಕ್ತದಲ್ಲಿ ಉರಿಯೂತದ ಗುರುತು ಇಳಿದಿತ್ತು. ಸಂಶೋಧನೆ ಮುಂದುವರಿಯಲು ಅಷ್ಟು ಸುಳಿವು ಸಾಕು. ಮನೆ ಮಾರಲು ಸಾಲದು.

ನಮ್ಮ ದೇಶದಲ್ಲಿ ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಇದೆ. ರಕ್ತದ ಕೆಲವು ಕಾಯಿಲೆಗಳಂಥ ಒಪ್ಪಿತ ಬಳಕೆ ಬಿಟ್ಟರೆ, ಸ್ಟೆಮ್ ಸೆಲ್ ಕೊಡುವುದು ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ. ಅಂಥ ಪ್ರಯೋಗದಲ್ಲಿ ಚಿಕಿತ್ಸೆಗೆ ರೋಗಿಯಿಂದ ದುಡ್ಡು ಕೇಳುವಂತಿಲ್ಲ. ಯಾರಾದರೂ ಪ್ಯಾಕೇಜ್ ದರ ಹೇಳಿದರೆ ಎದ್ದು ಬನ್ನಿ.

ಇದು ಪ್ರಯೋಗ ಅಂತ ಅವರು ಹೇಳಿದರೆ, ಸಿಟಿಆರ್‌ಐ, ಅಂದರೆ ದೇಶದ ಪ್ರಯೋಗಗಳ ಸರ್ಕಾರಿ ಪಟ್ಟಿಯ ನೋಂದಣಿ ಸಂಖ್ಯೆ ಕೇಳಿ. ಆ ಪಟ್ಟಿ ಇಂಟರ್ನೆಟ್‌ನಲ್ಲಿ ಎಲ್ಲರಿಗೂ ಸಿಗುತ್ತದೆ. ರೋಗಿಗಳ ಹಿತ ಕಾಯುವ ನೀತಿ ಸಮಿತಿಯ (ಎಥಿಕ್ಸ್ ಕಮಿಟಿ) ಒಪ್ಪಿಗೆ ಇದೆಯೇ, ತೊಂದರೆಯಾದರೆ ಖರ್ಚು ಯಾರದು, ಇದನ್ನೂ ಕೇಳಿ. ಒಪ್ಪಿಗೆ ಪತ್ರವನ್ನು ಅಪ್ಪನಿಗೆ ಅರ್ಥವಾಗುವ ಭಾಷೆಯಲ್ಲಿ ಓದಿ ಹೇಳಿಸಿ. ಎಲ್ಲ ಸರಿಯಿದ್ದರೆ ಧೈರ್ಯವಾಗಿ ಸೇರಬಹುದು. ಆದರೆ ಈಗಿರುವ ಇನ್ಹೇಲರ್, ಫ್ಲೂ ಲಸಿಕೆ, ಉಸಿರಾಟದ ವ್ಯಾಯಾಮ ಯಾವುದನ್ನೂ ಸುಮ್ನೆ ನಿಲ್ಲಿಸಬೇಡಿ. ಬೀಡಿ ಇನ್ನೂ ಇದ್ದರೆ ಇವತ್ತೇ ಬಿಡಿಸಿ.

ನಮಸ್ಕಾರ.