ಬಾಗಿಲಿಗೆ ತೂಗುಹಾಕಿದ್ದ ಪೆನ್ನು

ನಮಸ್ಕಾರ. ಸೋಮವಾರ ಬೆಳಿಗ್ಗೆ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಾಗ ನಿಮಗೂ ಅನಿಸಿರುತ್ತದೆ, ಎಲ್ಲ ಬಿಟ್ಟು ಕಾಡಿಗೆ ಹೋಗಿಬಿಡೋಣ ಅಂತ. ನನಗಂತೂ ವಾರಕ್ಕೆ ಎರಡು ಸಲ ಅನಿಸುತ್ತದೆ. ಇವತ್ತು ನಿಜವಾಗಿಯೂ ಹೋದವನೊಬ್ಬನ ಬಗ್ಗೆ ಮಾತಾಡೋಣ.

ಹೆಸರು ಕ್ರಿಸ್ಟೋಫರ್ ನೈಟ್. ಅಮೆರಿಕದ ಮೇಯ್ನ್ ರಾಜ್ಯದವನು. 1986ರಲ್ಲಿ, ಇಪ್ಪತ್ತರ ವಯಸ್ಸಿಗೆ, ಕಾಡಿನಲ್ಲಿ ಕಾರು ನಿಲ್ಲಿಸಿ, ಕೀಲಿ ಅಲ್ಲೇ ಬಿಟ್ಟು ನಡೆದುಬಿಟ್ಟ. ಸಿಕ್ಕಿಬಿದ್ದದ್ದು 2013ರ ಏಪ್ರಿಲ್‌ನಲ್ಲಿ. 27 ವರ್ಷ! ಅಷ್ಟು ಕಾಲದಲ್ಲಿ ಇನ್ನೊಬ್ಬ ಮನುಷ್ಯನ ಜೊತೆ ತಾನು ಆಡಿದ್ದು ಒಂದೇ ಮಾತು ಅಂತ ಅವನೇ ಹೇಳಿದ. ಚಾರಣಕ್ಕೆ ಬಂದವನೊಬ್ಬ ಎದುರಾದಾಗ ‘ಹಾಯ್’ ಅಂದಿದ್ದನಂತೆ. ಕಾಡಿಗೆ ಬಂದು ಎಷ್ಟು ವರ್ಷ ಆಯ್ತು ಅಂತ ಕೇಳಿದರೆ, ‘ಚೆರ್ನೋಬಿಲ್ ದುರಂತ ಆಗಿದ್ದು ಯಾವಾಗ?’ ಅಂತ ತಿರುಗಿ ಕೇಳಿದ. ಮನೆ ಬಿಟ್ಟದ್ದು ಅದೇ ವರ್ಷ.

ಯಾಕೆ ಹೋದೆ ಅಂದರೆ ಅವನಿಗೂ ಗೊತ್ತಿಲ್ಲ.

ಅಲ್ಲಿನ ಚಳಿ ನಮ್ಮ ಮಡಿಕೇರಿ ಚಳಿ ಅಲ್ಲ. ಕೆರೆಗಳೇ ಹೆಪ್ಪುಗಟ್ಟುವ ಚಳಿ. ಇವನು ಇದ್ದದ್ದು ಟೆಂಟಿನಲ್ಲಿ, ಬೆಂಕಿಯನ್ನೂ ಹಾಕುತ್ತಿರಲಿಲ್ಲ. ಹೊಗೆ ಕಂಡರೆ ಜನ ಬಂದಾರು ಅನ್ನುವ ಭಯ. ನಡುರಾತ್ರಿ ಎದ್ದು, ಮೈ ಮರಗಟ್ಟದಿರಲಿ ಅಂತ ಟೆಂಟಿನ ಸುತ್ತ ನಡೆಯುತ್ತಿದ್ದ. ಇಷ್ಟು ಕೇಳಿದರೆ ಕೈ ಮುಗಿಯಬೇಕು ಅನಿಸುತ್ತದೆ, ಅಲ್ವಾ?

ಸ್ವಲ್ಪ ತಾಳಿ. ಹೊಟ್ಟೆಗೆ ಏನು ಮಾಡುತ್ತಿದ್ದ?

ಕದಿಯುತ್ತಿದ್ದ. ಅವನ ಟೆಂಟಿನಿಂದ ಕೆಲವೇ ನಿಮಿಷ ನಡೆದರೆ ಕೆರೆ ದಂಡೆಯ ಮನೆಗಳು, ಜನ ರಜಾಕ್ಕೆ ಬಂದು ಇರುವಂಥವು. ವರ್ಷಕ್ಕೆ ಸುಮಾರು 40 ಸಲದಂತೆ, ಒಟ್ಟು ಸಾವಿರದಷ್ಟು ಕಳ್ಳತನ. ಅಕ್ಕಿಬೇಳೆ ಥರದ ದಿನಸಿ ಮಾತ್ರ ಅಲ್ಲ. ಗ್ಯಾಸ್ ಸಿಲಿಂಡರ್, ಬ್ಯಾಟರಿ, ಹಾಸಿಗೆ, ಓದಲು ಪುಸ್ತಕ ಕೂಡ. ಕೊನೆಗೆ ಸಿಕ್ಕಿಬಿದ್ದದ್ದು ಅಂಗವಿಕಲರಿಗಾಗಿ ನಡೆಸುವ ಶಿಬಿರವೊಂದರ ಅಡುಗೆಮನೆಯಲ್ಲಿ. ಕದಿಯುವುದಕ್ಕೆ ನಾಚಿಕೆಯಾಗುತ್ತಿತ್ತು ಅಂತ ಅವನೇ ಒಪ್ಪಿಕೊಂಡ. ಏಳು ತಿಂಗಳು ಜೈಲಾಯಿತು.

ನಾನು ಅವನನ್ನು ಬೈಯುವುದು ಕದ್ದದ್ದಕ್ಕಲ್ಲ. ಅದಕ್ಕೆ ಕೋರ್ಟ್ ಇದೆ. ನನ್ನ ತಕರಾರು ಬೇರೆ. ನಮ್ಮ ಕಡೆ ಸಂಸಾರ ಬಿಟ್ಟವನೂ ಜೋಳಿಗೆ ಹಿಡಿದು ಬಾಗಿಲ ಮುಂದೆ ನಿಂತು ಕೂಗುತ್ತಾನೆ. ‘ಮುಂದಕ್ಕೆ ಹೋಗಪ್ಪ’ ಅನ್ನಿಸಿಕೊಳ್ಳುವುದಕ್ಕೂ ತಯಾರಿರುತ್ತಾನೆ. ಊರು ಬಿಟ್ಟೆ, ಆದರೆ ಊರಿನ ಅನ್ನ ಬಿಟ್ಟಿಲ್ಲ ಅಂತ ಒಪ್ಪಿಕೊಳ್ಳುವ ರೀತಿ ಅದು. ನೈಟ್‌ಗೆ ಅನ್ನ ಬೇಕಿತ್ತು, ಅನ್ನ ಕೊಡುವವರ ಮುಖ ಬೇಡವಾಗಿತ್ತು. ಇದನ್ನು ಏಕಾಂತ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಮುಖ ತಪ್ಪಿಸಿಕೊಂಡು ಓಡಾಡುವುದು, ಅಷ್ಟೇ.

ಯಾಕೆ ಇಷ್ಟು ಖಾರವಾಗಿ ಹೇಳುತ್ತಿದ್ದೇನೆ ಅಂದರೆ, ಏನು ಬೇಕು ಅಂತ ಅಲ್ಲಿನ ಜನ ಅವನನ್ನು ಕೇಳಿದ್ದರು. ಕೆಲವರು ಬಾಗಿಲಿಗೆ ಚೀಟಿ ಅಂಟಿಸಿದ್ದರು: ದಯವಿಟ್ಟು ಬೀಗ ಒಡೆಯಬೇಡ, ಏನು ಬೇಕೋ ಬರೆದಿಡು, ಹೊರಗೇ ಇಟ್ಟಿರುತ್ತೇವೆ. ಬರೆಯಲು ಒಂದು ಪೆನ್ನನ್ನೂ ದಾರದಲ್ಲಿ ಕಟ್ಟಿ ತೂಗುಹಾಕಿದ್ದರು. ಇನ್ನೊಬ್ಬರು ಬ್ಯಾಗಿಗೆ ಪುಸ್ತಕ ತುಂಬಿ ಬಾಗಿಲಿಗೆ ನೇತುಹಾಕಿದ್ದರು.

ಬಲೆ ಇರಬಹುದು ಅಂತ ಅವನು ಹೆದರಿದ. ಪುಸ್ತಕದ ಬ್ಯಾಗು ಹಾಗೇ ಉಳಿಯಿತು. ಚೀಟಿಯಲ್ಲಿ ಒಂದಕ್ಷರ ಬರೆಯಲಿಲ್ಲ.